ಊರೂರ ಮಣ್ಣಿನ ಗೋಡೆ

ಮೊದಲ ಮಳೆಗೇ ನಮ್ಮ ಮನೆಯ ಸ್ಲ್ಯಾಬು ಸೋರಿತು, ಅದೂ ಸರಿಯಾಗಿ ನನ್ನ ದಿಂಬಿನ ಮೇಲೆ. ಈ ಸ್ಲ್ಯಾಬಿಗೆ ನೂರು ವರ್ಷ ಏನೂ ಆಗದು ಎಂದು ನಮ್ಮೂರು ಕುಲಗೋಡದ ತುಂಬ ಕೊಚ್ಚಿಕೊಂಡವನು ನಾನೇ. ಬಕೆಟ್ಟು ಇಡಲು ಎದ್ದರೆ ಕಿಟಕಿಯಿಂದ ನೆನೆದ ಮಣ್ಣಿನ ವಾಸನೆ ಬಂತು. ಗಂಗವ್ವನ ಧರ್ಮಶಾಲೆ ನೆನಪಾಯಿತು.

ಗೋಕಾಕದಿಂದ ಹುಕ್ಕೇರಿಗೆ ಹೋಗುವ ಗಾಡಿದಾರಿಯಲ್ಲಿತ್ತು ಅದು. ಎಂಥ ಕಟ್ಟಡ ಅಂತೀರಿ! ಕಲ್ಲಿನ ಪೀಠದ ಮೇಲೆ ಸಾಗುವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೂರಾಗಿ ಮಣ್ಣಿನ ಮಾಳಿಗೆ. ಒಂದು ಮೊಳೆಯಿಲ್ಲ, ಎಲ್ಲಾ ಮರದ ಗೂಟ ಬಡಿದು ಕೂಡಿಸಿದ್ದು. ಮಳೆಯಲ್ಲಿ ಸಿಕ್ಕು ಎತ್ತು ಕಳೆದುಕೊಂಡ ಬೆಲ್ಲದ ವ್ಯಾಪಾರಿಯೊಬ್ಬ ಕಟ್ಟಿಸಿದ್ದಂತೆ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎತ್ತಿನ ಹೆಸರು ಮಾಣಿಕ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸ್ವರಾಜ್ಯ ಬರುವುದಕ್ಕೆ ಮುಂಚಿನ ಮಾತು. ಹಿಂದಿನ ಮಳೆಗಾಲಕ್ಕೆ ಧರ್ಮಶಾಲೆಯ ಹಿಂಬದಿಯ ಗೋಡೆ ಕುಸಿದುಬಿದ್ದಿತ್ತು. ಮಾಳಿಗೆ ಮಾತ್ರ ಕಂಬಗಳ ಮೇಲೆ ಮಿಸುಕದೆ ನಿಂತಿತ್ತು. ಅದಿದ್ದ ಊರಿನ ಗೌಡರಿಗೆ ಕಂಬಗಳ ಮೇಲೆ ಕಣ್ಣು. "ಮಿರಗದ ಮಳಿಯೊಳಗ ಗ್ವಾಡಿ ಎದ್ರ ಸರಿ, ಇಲ್ಲಂದ್ರ ಕಂಬ ಕಿತ್ತು ಚಾವಡಿಗಿ ಹಾಕ್ತೇವಿ" ಎಂದು ಮೃಗಶಿರಾ ಮಳೆಯ ಗಡುವು ಹಾಕಿದ್ದರು. ಧರ್ಮಶಾಲೆ ನೋಡಿಕೊಳ್ಳುತ್ತಿದ್ದ ಮುದುಕಿ ಗಂಗವ್ವ ಅಳಲಿಲ್ಲ, ಕರೆಯಲಿಲ್ಲ. ಹೋಗಿಬರುವ ಗಾಡಿಯವರಿಗೆಲ್ಲ ಒಂದೇ ಮಾತು ಹೇಳಿಕಳಿಸಿದಳು: ಮುಂದಿನ ಸಲ ಬರುವಾಗ ನಿಮ್ಮೂರಿಂದ ಒಂದು ಬುಟ್ಟಿ ಮಣ್ಣು ತನ್ನಿ.

ನಾನಾಗ ಹೊಸ ಮದುಮಗ. ಹೆಂಡತಿಯನ್ನು ತವರೂರು ಬೆಲ್ಲದ ಬಾಗೇವಾಡಿಗೆ ಕರೆದೊಯ್ಯುತ್ತಿದ್ದೆ. ಜರಿರುಮಾಲು ಸುತ್ತಿಕೊಂಡು ಗಾಡಿಯಿಂದಿಳಿದರೆ ಗಂಗವ್ವ ಯಾರ ಪೈಕಿ, ಯಾವ ಮಂದಿ ಎಂದು ಕೇಳಲೇ ಇಲ್ಲ.

"ಯಾವೂರ ಮಣ್ಣ ತಂದೀರಿ?" ಎಂದಳು.

"ಬೀಗರ ಮನಿಗಿ ಮಣ್ಣ ಹೊತಗೊಂಡು ಹೋಗ್ತಾರೇನವ್ವಾ?" ಎಂದೆ, ದೊಡ್ಡ ಜಾಣನ ಹಾಗೆ. ನನ್ನಾಕೆ ಸೆರಗಿನೊಳಗೇ ನಕ್ಕಳು. ಗಂಗವ್ವ ನಗಲಿಲ್ಲ. ಆದರೂ ರೊಟ್ಟಿ, ಝುಣಕಾ ಹಾಕಿದಳು.

ತಿರುಗಿ ಬರುವಾಗ ತವರಿನವರು ನನ್ನಾಕೆಗೆ ಉಡಿ ತುಂಬಿ ಕಳಿಸಿದರು. ಧರ್ಮಶಾಲೆಯ ಮುಂದೆ ಅವಳು ಅಕ್ಕಿ, ಕೊಬ್ಬರಿಯ ಗಂಟು ಸರಿಸಿ, ಅದರ ಹಿಂದಿಟ್ಟಿದ್ದ ಒಂದು ಬುಟ್ಟಿ ಕೆಂಪು ಮಣ್ಣನ್ನು ಇಳಿಸಿದಳು. ನನಗೆ ಸುಳಿವೇ ಕೊಟ್ಟಿರಲಿಲ್ಲ! ಗೋಡೆ ಆಗಲೇ ಎದೆಮಟ್ಟ ಎದ್ದಿತ್ತು. ಒಂದು ಪಟ್ಟೆ ಕಪ್ಪು, ಒಂದು ಬೂದಿ, ಒಂದು ಹಳದಿ. ಮಮದಾಪುರದ್ದು ಯಾವುದು, ಹುಕ್ಕೇರಿಯದು ಯಾವುದು ಎಂದು ಗಂಗವ್ವ ಮುಟ್ಟಿಮುಟ್ಟಿ ತೋರಿಸಿದಳು.

ಮಿರಗ ಕೂಡುವ ಹೊತ್ತಿಗೆ ಗೌಡರು ಆಳುಗಳನ್ನು ಕರೆದುಕೊಂಡು ಬಂದರಂತೆ. ಗೋಡೆ ತೊಲೆಗೆ ಮುಟ್ಟಿತ್ತು. ಬಣ್ಣಬಣ್ಣದ ಪಟ್ಟೆಗಳನ್ನು ಎಣಿಸಿ, "ಇಷ್ಟೂರ ಮಣ್ಣ ನಾ ಹೆಂಗ ಕೆಡವಲಿ, ಗಂಗವ್ವಾ?" ಎಂದು ಆಳುಗಳನ್ನು ಹಿಂದಕ್ಕೆ ಕಳಿಸಿದರಂತೆ. ಮುಂದಿನ ವಾರ ಅವರ ಮನೆಯಿಂದಲೂ ಒಂದು ಬುಟ್ಟಿ ಬಂತಂತೆ.

ಆ ಧರ್ಮಶಾಲೆ ಇನ್ನೂ ನಿಂತಿದೆ. ಅದನ್ನು ಕಂಡಾಗಲೆಲ್ಲ "ನಮ್ಮ ಗೋಡೆ" ಎಂದು ಎದೆಯುಬ್ಬಿಸುತ್ತಿದ್ದೆ, ಹಿಡಿ ಮಣ್ಣು ಕೊಡದವನು! ಸ್ಲ್ಯಾಬು ಸೋರಿದ ವಾರವೇ ಹಿತ್ತಲಿನ ಕರಿಮಣ್ಣನ್ನು ಚೀಲಕ್ಕೆ ತುಂಬಿ, ನನ್ನಾಕೆಯೊಡನೆ ಬಸ್ಸು ಹತ್ತಿದೆ. ಈಗ ಅಲ್ಲಿರುವವಳು ಗಂಗವ್ವನ ಮೊಮ್ಮಗಳು. ಮಾಳಿಗೆಗೆ ಮಣ್ಣು ಮೆತ್ತುತ್ತಿದ್ದವಳು ನಮ್ಮನ್ನು ಕಂಡು ಕೇಳಿದಳು: "ಯಾವೂರ ಮಣ್ಣರೀ?"

"ಕುಲಗೋಡದ್ದು" ಎಂದು ಚೀಲದ ಬಾಯಿ ಬಿಚ್ಚಿದೆ.

ನನ್ನಾಕೆ ಗೋಡೆಯಲ್ಲಿನ ತನ್ನ ತವರಿನ ಕೆಂಪು ಪಟ್ಟೆಯ ಮೇಲೆ ಕೈಯಿಟ್ಟು ಹೇಳಿದಳು: "ಇದರ ಬಾಜೂಕ ಮೆತ್ತವ್ವಾ. ಭಾಳ ವರ್ಷ ಒಂಟಿ ಕುಂತೈತಿ."