ಬೆಳ್ಳುಳ್ಳಿ ಗೋಡೌನಿನ ಬೆಲೆ

ಥೂ! ದಯಾನಂದನ ಹೆಸರೆತ್ತಿದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ.

ನಾನು ಮಲ್ಲಪ್ಪ, ತಾಳವಾಡಿಯಲ್ಲಿ ಪಿಕಪ್ ಓಡಿಸುವವನು. ಪುಟ್ಟನಂಜಮ್ಮನ ಬೆಳ್ಳುಳ್ಳಿಯನ್ನು ಒಂಬತ್ತು ವರ್ಷದಿಂದ ಮೇಟುಪಾಳ್ಯದ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದೇನೆ. ಆಕೆ ದಯಾನಂದನ ಗೋಡೌನನ್ನು ಬಾಡಿಗೆಗೆ ಹಿಡಿದಾಗ ಅದು ಬಾವಲಿಗಳ ಮನೆಯಾಗಿತ್ತು. ಮೊಣಕಾಲುದ್ದ ಹಿಕ್ಕೆ, ಒಳಗೆ ಕಾಲಿಟ್ಟರೆ ವಾಂತಿ. ಮೂಗಿಗೆ ಸೆರಗು ಕಟ್ಟಿಕೊಂಡು ಎಂಟು ದಿನ ಅದನ್ನು ಗೋರಿ ಹಾಕಿದಳು. ನೆಲಕ್ಕೆ ಕಾಂಕ್ರೀಟು ಹಾಕಿಸಿದಳು, ಸೋರುವ ಶೀಟು ಬದಲಿಸಿದಳು. ಲಾರಿ ಬಾಗಿಲವರೆಗೆ ಬರಲೆಂದು ಪಕ್ಕದ ತನ್ನ ಹೊಲದ ಅಂಚನ್ನೇ ದಾರಿಗೆ ಬಿಟ್ಟಳು. ಯಾಕೆಂದರೆ, "ಮಾರಿದ್ರೆ ನಿಮ್ಗೇಯ, ಎಂಟು ಲಕ್ಷಕ್ಕೆ" ಎಂದು ಆ ಮನುಷ್ಯ ಮಾತು ಕೊಟ್ಟಿದ್ದ. ಪುಟ್ಟನಂಜಮ್ಮ ಮಾತನ್ನು ನಂಬುವ ಹೆಂಗಸು.

ಈ ಸಲ ಕೊಳ್ಳುತ್ತೇನೆಂದಳು. ಬೆಳ್ಳುಳ್ಳಿ ಕೀಳಲು ಒಂದು ತಿಂಗಳಷ್ಟೇ ಇತ್ತು. ಗೋಡೌನು ಕೈತಪ್ಪಿದರೆ ಅಷ್ಟೂ ಬೆಳೆ ಕೊಳೆಯಬೇಕು. ಅದು ಗೊತ್ತಿದ್ದೇ ದಯಾನಂದ ಸತ್ಯಮಂಗಲದಿಂದ ಕಾರಲ್ಲಿ ಬಂದಿಳಿದು, ಇಪ್ಪತ್ತು ಲಕ್ಷ ಎಂದ.

"ದಿಂಬಂ ಘಾಟಿಲಿ ರಾತ್ರಿ ಲಾರಿ ಬುಡಕಿಲ್ಲ, ಮಾಲು ಇಲ್ಲೇ ನಿಲ್ಬೇಕು. ಎಲ್ರಿಗೂ ಗೋಡೌನ್ ಬೇಕು ಪುಟ್ನಂಜಮ್ಮಾರೆ. ನೆಲ ನೋಡಿ, ಒಂಚೂರು ತೇವ ಇಲ್ಲ. ಶೀಟು ಒಸದು. ಲಾರಿ ಬಾಗ್ಲಿಗೇ ಬತ್ತದೆ."

"ನೆಲ ನಾನಾಕ್ಸಿದ್ದು ಕಣಪ್ಪ. ಶೀಟೂ ನಂದೇಯ."

"ಗೋಡೆ ನಂದಲ್ವಾ? ಅದ್ರೊಳ್ಗೆ ಇರದೆಲ್ಲಾ ನಂದೇಯ," ಎಂದು ನಕ್ಕವನು ಬಾಯಲ್ಲಿದ್ದ ಎಲೆಅಡಿಕೆಯನ್ನು ಅದೇ ನೆಲದ ಮೇಲೆ ಪಿಚಕ್ಕನೆ ಉಗಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಆಕೆಯ ಬಾಡಿಗೆ ತಿಂದು, ಉಂಡ ಮನೆಯ ಜಂತೆ ಎಣಿಸುವ ಜಾತಿ! ನಾನು ಬಾಯಿ ತೆರೆಯುವ ಮೊದಲೇ ಪುಟ್ಟನಂಜಮ್ಮ ಕೇಳಿದಳು:

"ಲಾರಿ ಬರೋ ದಾರಿ ಯಾರ್ ಪಟ್ಟಾದಲ್ಲೈತೆ?"

ಅವನ ನಗು ನಿಂತಿತು. ಮಾರನೆಯ ದಿನವೇ ಆಕೆ ಆ ದಾರಿಗೆ ಅಡ್ಡ ನಾಲ್ಕು ಕಲ್ಲುಕಂಬ ನೆಡಿಸಿದಳು. ಅವನು ಕರೆತಂದ ವ್ಯಾಪಾರಿಗಳು ಶೀಟು ನೋಡಲಿಲ್ಲ, ನೆಲ ನೋಡಲಿಲ್ಲ. ಕಂಬ ನೋಡಿ ಹಾಗೇ ವಾಪಸ್ಸು ಹೋದರು. ಮೂರು ವಾರ ಕಳೆಯುವಷ್ಟರಲ್ಲಿ ನಾಚಿಕೆಗೆಟ್ಟವನು ತಾನೇ ಫೋನು ಮಾಡಿ, "ಎಂಟಕ್ಕೇ ತಕ್ಕಳಿ" ಎಂದ. ಆಕೆ ತೆಗೆದುಕೊಂಡಳು.

ರಿಜಿಸ್ಟರಾಗಿ ಮೂರು ದಿನಕ್ಕೆ ಬೆಳ್ಳುಳ್ಳಿ ತುಂಬಿಕೊಂಡು ಹೋದೆ. ದಾರಿಯ ಕಂಬಗಳನ್ನು ಕಿತ್ತು ಹಾಕಿಸಿದ್ದಳು. ಒಳಗೆ ಪುಟ್ಟನಂಜಮ್ಮ ಬ್ಲೀಚಿಂಗ್ ಪುಡಿ ಹಾಕಿ, ಕುಕ್ಕರುಗಾಲಲ್ಲಿ ಕೂತು ನೆಲ ಉಜ್ಜುತ್ತಿದ್ದಳು. ಕೆಂಪು ಕಲೆ ಇನ್ನೂ ಕಾಣುತ್ತಿತ್ತು.

"ಬುಡಕ್ಕಾ, ಮೂಟೆ ಜೋಡ್ಸುದ್ರೆ ಮುಚ್ಚೋಯ್ತದೆ," ಎಂದೆ.

ಆಕೆ ತಲೆಯೆತ್ತಲಿಲ್ಲ.

"ಬಾವಲಿ ಇಕ್ಕೆನ ಎಂಟ್ ದಿನಕ್ಕೆ ತೆಗ್ದೆ ಕಣ ಮಲ್ಲಪ್ಪ. ಅವು ಪಾಪ, ಬಾಯಿಲ್ದವು. ಇವನ ಎಂಜ್ಲು ಮಾತ್ರ ಓಯ್ತಾ ಇಲ್ಲ."