ಸತು ಹಿಡಿಯದ ಜಾಗ

ಹಂಗಾರಕಟ್ಟೆಯ ಕಡಲ ಗಾಳಿಗೆ ಕಬ್ಬಿಣ ಬಾಳುವುದಿಲ್ಲ. ನಮ್ಮ ಹಳೆ ಕಾರಿನಲ್ಲಿ ಅದು ಮೊದಲು ತಿಂದದ್ದು ನಾನು ಕೂರುವ ಬದಿಯ ಬಾಗಿಲಿನ ಲಾಕನ್ನು. ಎಷ್ಟೋ ಕಾಲ ನಾನು ಡ್ರೈವರ್ ಬದಿಯಿಂದ ಹತ್ತಿ, ಸೀರೆ ಎತ್ತಿ ಹಿಡಿದು, ಗೇರ್ ದಾಟಿ ನನ್ನ ಸೀಟಿಗೆ ಸರಿಯುತ್ತಿದ್ದೆ. ಕೊನೆಗೆ ಬೇಸರ ಬಂದು, ಬಾಗಿಲು ಸರಿಯಾಗುವವರೆಗೆ ಬೈಂದೂರಿನ ತವರಿಗೆ ಬಸ್ಸಿನಲ್ಲೇ ಹೋಗುತ್ತೇನೆಂದು ಹಟ ಹಿಡಿದೆ.

ನನ್ನ ಗಂಡ ಇಂಥ ಕೆಲಸವನ್ನು ಹೊರಗೆ ಕೊಡುವವರಲ್ಲ. ಲಾಕಿಗೆ ಮತ್ತೆ ತುಕ್ಕು ಹಿಡಿಯದಂತೆ ಕರೆಂಟು ಹರಿಸಿ ಸತುವಿನ ಲೇಪ ಕೊಡಲು ಮನೆಯಲ್ಲೇ ಹೊರಟರು. ಬಚ್ಚಲಿನ ಹಿಂದೆ ಪ್ಲಾಸ್ಟಿಕ್ ಬಕೆಟ್ಟು, ಅದರಲ್ಲಿ ಸತುವಿನ ಉಪ್ಪು ಕರಗಿಸಿದ ನೀರು, ಎರಡೂ ಬದಿಗೆ ಇಳಿಬಿಟ್ಟ ಸತುವಿನ ತಗಡು, ಪಕ್ಕದಲ್ಲಿ ಬ್ಯಾಟರಿ ಚಾರ್ಜರು. ನಮ್ಮ ಬಾವಿಯ ನೀರು ಉಪ್ಪು. ಇದಕ್ಕೆಂದೇ ಮಳೆನೀರು ಹಿಡಿದಿಟ್ಟಿದ್ದರು. ಲಾಕಿನ ಉಕ್ಕಿನ ಪಟ್ಟಿಯನ್ನು ವಿನೆಗರಿನಲ್ಲಿ ನೆನೆಸಿ, ಉಜ್ಜಿ, ಸೋಪು ಹಾಕಿ ತೊಳೆದ ಮೇಲೆ ಯಾರೂ ಅದನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ.

"ಕೈ ಹಾಕ್‌ಬೇಡ ಮಾರಾಯ್ತಿ! ಎಣ್ಣಿ ಕೈ ತಾಗಿರೆ ಸತು ಹಿಡಿತ್ತಿಲ್ಲೆ."

"ಇದ್ಕೂ ಮಡಿ ಉಡ್ಕಾ ಹಂಗಾರೆ?" ಎಂದಿದ್ದೆ.

ಅಂದು ಬೆಳಿಗ್ಗೆ ಪಟ್ಟಿಯನ್ನು ಬಕೆಟ್ಟಿಗೆ ಇಳಿಸುವುದೊಂದೇ ಬಾಕಿ. "ಹ್ವಾಯ್, ದೋಸಿ ತಣ್ಣಗಾತ್ತ್" ಎಂದು ನಾನೇ ಕರೆದೆ. ಬಂದರು. ಬೆಲ್ಲ, ತೆಂಗಿನೆಣ್ಣೆ ಹಚ್ಚಿಕೊಂಡು ತಿಂದರು. ಬೈರಾಸಿಗೆ ಕೈ ಒರೆಸಿಕೊಂಡು ಅವಸರದಲ್ಲಿ ಹೋದರು.

ಮಧ್ಯಾಹ್ನ ಎತ್ತಿದಾಗ ಪಟ್ಟಿ ಬೆಳ್ಳಗಾಗಿತ್ತು. ನಡುವೆ ಮಾತ್ರ ಹೆಬ್ಬೆರಳಿನಗಲ ಕಪ್ಪು.

"ಊರಿಗೆಲ್ಲ ಮಡಿ ಹೇಳುವವ್ರ ಬೆರಳ್ ಕಾಣಿ!" ಎಂದು ನಕ್ಕೆ.

"ದೋಸಿಗ್ ಕರ್ದದ್ ಯಾರ್?" ಅವರೂ ನಕ್ಕರು. "ಇರ್ಲಿ, ನಾಳೆ ಮತ್ತೊಂದ್ಸಲ ಅದ್ದುವ. ಆಮೇಲೆ ನಿನ್ ಬಾಗ್ಲಲ್ಲೇ ಹತ್ತ್, ಬೈಂದೂರಿಗೆ ಹೋಪ."

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎಂದರು. ಆಸ್ಪತ್ರೆಯ ದಾರಿಯಲ್ಲೇ ಹೋದರು.

ಅವರ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಬ್ರಹ್ಮಾವರದಿಂದ ಮೈದುನ ಕಾರು ನೋಡಲು ಬಂದ. "ಅತ್ಗೆ, ಪಟ್ಟಿ ಕೊಡಿ. ಕುಂದಾಪ್ರದಲ್ಲಿ ಆಸಿಡ್ಡಿಗೆ ಹಾಕಿ, ಹೊಸ್ತಾಯಿ ಸತು ಹಾಕಿ ಕೊಡ್ತ್ರ್. ಇಲ್ದಿರೆ ಆ ಜಾಗಕ್ಕೆ ತುಕ್ಕ್ ಹಿಡಿತ್ತ್."

"ಇದ್ದ ಹಾಂಗೇ ಹಾಕ್ ಮಾರಾಯ."

ಅವನು ಪಟ್ಟಿಯನ್ನು ಹಾಗೇ ಬಾಗಿಲಿಗೆ ಜೋಡಿಸಿಕೊಟ್ಟ. ಬಾಗಿಲು ತೆರೆದರೆ ಅಂಚಿನಲ್ಲಿ ನನ್ನ ಗಂಡನ ಹೆಬ್ಬೆರಳ ಗುರುತು ಕಾಣುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದರ ಸುತ್ತ ಕೆಂಪು ಗೆರೆ ಎದ್ದಿತು. ಹೀಗೆ ಬಿಟ್ಟರೆ ಬೆರಳಿನ ಆಕಾರವೇ ಉಳಿಯುವುದಿಲ್ಲ ಎಂದು ಹೆದರಿದೆ. ಆಗಿನಿಂದ ಅಡಿಗೆ ಮುಗಿದ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ ತೆಗೆದುಕೊಂಡು ಹೋಗಿ, ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ಉಜ್ಜುತ್ತೇನೆ. ತುಕ್ಕು ಅಷ್ಟಕ್ಕೇ ನಿಂತಿದೆ.

ಗೇರ್ ದಾಟಿಯಾದರೂ ಅವರ ಜೊತೆ ಒಮ್ಮೆ ಹೋಗಿಬರಬಹುದಿತ್ತು. ಈಗ ನನ್ನ ಬಾಗಿಲು ಒಂದೇ ಎಳೆತಕ್ಕೆ ತೆರೆಯುತ್ತದೆ. ಎಣ್ಣೆ ಹಚ್ಚಿ, ಮೆಲ್ಲಗೆ ಮುಚ್ಚಿ ಬರುತ್ತೇನೆ. ಹತ್ತಿ ಕೂತಿಲ್ಲ.