ಶನಿವಾರದ ಇಸ್ತ್ರಿ

ಆ ವರ್ಷ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಗಂಡ ಕರ್ಕ್‌ಲ್ಯಾಂಡಿನಲ್ಲಿ ಆಫೀಸಿನ ಹತ್ತಿರ, ಕೆರೆ ಕಾಣುವ ಕಾಂಡೋ ಫ್ಲಾಟು ಹಿಡಿದು ಹೊರಟುಹೋಗಿದ್ದ. ಜಗಳವಾಡಿ ಹೋಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅವನು ತನ್ನ ಸಾಮಾನಿನ ಡಬ್ಬಗಳಿಗೆಲ್ಲ ಲೇಬಲ್ ಅಂಟಿಸಿ, ಡಿಶ್‌ವಾಷರ್ ಖಾಲಿ ಮಾಡಿಟ್ಟು ಹೋದ. ನ್ಯೂಕ್ಯಾಸಲ್‌ನ ಮನೆಯಲ್ಲಿ ನಾನು, ಮಗಳು ಉಳಿದೆವು. ಶನಿವಾರ ಬೆಳಿಗ್ಗೆ ಅವನು ಬಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದ, ಭಾನುವಾರ ಸಂಜೆ ತಂದು ಬಿಡುತ್ತಿದ್ದ. ನಡುವಿನ ಹೊತ್ತನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಮನೆಯ ಮುಂದಿನ ಮೆಟ್ಟಿಲ ಮೇಲೇ ಕೂತಿರುತ್ತಿದ್ದೆ, ತುಂತುರು ಬೀಳುತ್ತಿದ್ದರೂ.

ಎದುರು ಮನೆಯ ಅಜ್ಜಿ ಅದನ್ನು ಯಾವಾಗಿನಿಂದ ನೋಡುತ್ತಿದ್ದರೋ. ಎಂಬತ್ತು ದಾಟಿದ ವಿಧವೆ, ಒಂಟಿಯಾಗಿದ್ದರು. ಹೆಸರು ಹಿಡಿದೇ ಕರೆ ಎಂದು ಹೇಳಿದ್ದರು. ಆ ವಯಸ್ಸಿನವರ ಹೆಸರು ನನ್ನ ಬಾಯಿಗೆ ಬರುವುದುಂಟೇ? ಏನೂ ಕರೆಯದೆಯೇ ಮಾತಾಡಿ ಸಾಗಹಾಕುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅಜ್ಜಿ. ಅವರು ಆಡಿದ್ದೆಲ್ಲ ಇಂಗ್ಲಿಷು, ನನಗೆ ನೆನಪಿರುವುದು ಕನ್ನಡದಲ್ಲಿ. ಒಂದು ಶನಿವಾರ ರಸ್ತೆ ದಾಟಿ ಬಂದು ನನ್ನೆದುರು ನಿಂತರು.

"ಇಸ್ತ್ರಿ ಮಾಡೋಕೆ ಬರುತ್ತಾ ನಿನಗೆ?"

"ಬರುತ್ತೆ."

"ಸರಿಯಾಗಿ ಬರುತ್ತಾ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ಅವರ ಹಿಂದೆ ಹೋದೆ.

ಅವರ ಚರ್ಚು ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಬಿಳಿ ಬಣ್ಣ ಬಳಿದ ಮರದ ಸಣ್ಣ ಕಟ್ಟಡ. ಹಿಂದೆ ನಾರ್ವೆಯಿಂದ ಬಂದ ಕುಟುಂಬಗಳು ಸೇರಿ ಕಟ್ಟಿಕೊಂಡದ್ದಂತೆ. ಅಜ್ಜಿಯ ಅತ್ತೆಯೂ ಅಂಥ ಮನೆಯವರೇ. ಒಳಗೆ ಎದುರಿಗೇ ಪೂಜಾಪೀಠ. ಭಾನುವಾರ ಪ್ರಸಾದವಾಗಿ ಹಂಚುವ ರೊಟ್ಟಿ, ದ್ರಾಕ್ಷಾರಸ ಇಡುವುದು ಅದರ ಮೇಲೆ. ಪೀಠಕ್ಕೆ ಹಾಸುವ ಉದ್ದನೆಯ ಲಿನನ್ ಬಟ್ಟೆಯನ್ನು ಆ ಅತ್ತೆಯೇ ಅಂಚಿಗೆ ಬಿಳಿ ದಾರದ ಕಸೂತಿ ಹಾಕಿ ಮಾಡಿದ್ದರು. ದ್ರಾಕ್ಷಾರಸದ ಪಾತ್ರೆ ಒರೆಸುವ ಸಣ್ಣ ಬಟ್ಟೆಗಳೂ ಅವರವೇ. ಇವನ್ನು ಒಗೆದು ಇಸ್ತ್ರಿ ಮಾಡಿಡುವುದು ಚರ್ಚಿನ ಹೆಂಗಸರ ಕೆಲಸ. ಹಿಂದೆ ಶನಿವಾರ ಶನಿವಾರ ಒಂದು ಗುಂಪೇ ಸೇರುತ್ತಿತ್ತಂತೆ. ಕೆಲವರು ತೀರಿಕೊಂಡರು, ಕೆಲವರು ಮಕ್ಕಳ ಊರಿಗೆ ಹೋದರು, ಈಗ ಅಜ್ಜಿ ಒಬ್ಬರೇ ಉಳಿದಿದ್ದರು. ಅವರ ಕೈ ನಡುಗುತ್ತಿತ್ತು. ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದರೆ ನೋಡುವವರಿಗೆ ಭಯವಾಗುತ್ತಿತ್ತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಅವರು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಮೊದಲು ಬೇಸಿನ್ನಿನಲ್ಲಿ ಬರೀ ನೀರಿಗೆ ಹಾಕಿ ಹಿಂಡಬೇಕು. ಆ ನೀರಿನಲ್ಲಿ ದ್ರಾಕ್ಷಾರಸದ ಒಂದು ಹನಿಯಾದರೂ ಇರಬಹುದು, ಅದಕ್ಕೆ ಅದು ಸಿಂಕಿಗೆ ಹೋಗಕೂಡದು, ಮಣ್ಣಿಗೇ ಹೋಗಬೇಕು. ಆಮೇಲೆ ಸೋಪು. ಬಟ್ಟೆ ಇನ್ನೂ ಹಸಿಯಿರುವಾಗಲೇ ಮೊದಲು ಹಿಂಬದಿ, ಆಮೇಲೆ ಮುಂಬದಿ ಇಸ್ತ್ರಿ. ಉದ್ದನೆಯದನ್ನು ಮಡಚದೆ ರಟ್ಟಿನ ಕೊಳವೆಗೆ ಸುತ್ತಿಡಬೇಕು. ಮೊದಲ ದಿನ ನಾನು ಬೇಸಿನ್ ಎತ್ತಿಕೊಂಡು ಹಿತ್ತಿಲ ಗಿಡದ ಬುಡಕ್ಕೆ ನೀರು ಸುರಿದು ಬಂದಾಗ ಅಜ್ಜಿ ನನ್ನನ್ನೇ ನೋಡಿದರು.

"ಯಾಕೆ ಅಂತ ಕೇಳಲೇ ಇಲ್ಲ ನೀನು."

"ದೇವರ ನೀರು ಯಾರೂ ತುಳಿಯೋ ಕಡೆ ಹಾಕಬಾರದಲ್ವಾ? ನಮ್ಮನೇಲೂ ಹಾಗೇ."

"ನನ್ನ ಮಗಳಿಗೆ ಇದನ್ನ ಅರ್ಥ ಮಾಡಿಸೋಕೆ ನನ್ನಿಂದ ಆಗಲಿಲ್ಲ" ಎಂದರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿಯಾದರೂ ಅಷ್ಟು ಮಾಡುತ್ತಿದ್ದಳು.

ಒಂದು ಶನಿವಾರ ನಾನು ಹೋಗಲಿಲ್ಲ. ಮರುವಾರ ಅಜ್ಜಿ, ಹುಷಾರಿರಲಿಲ್ಲವಾ ಎಂದು ಕೇಳಿದರು. ಮುಟ್ಟಾಗಿದ್ದೆ, ದೇವರ ಬಟ್ಟೆ ಮುಟ್ಟಬಾರದಲ್ಲ, ಅದಕ್ಕೆ ಬರಲಿಲ್ಲ ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. "ಅದನ್ನ ನಮ್ಮ ದೇವರಿಗೆ ಯಾರೂ ಹೇಳಿಲ್ಲ ಕಣೆ, ಬಾ" ಎಂದರು. ನಾನು ಮಾತ್ರ ಮುಂದೆಯೂ ಆ ದಿನಗಳಲ್ಲಿ ಹೋಗಲಿಲ್ಲ. ನಂಬಿಕೆ ಎಂದೇನಲ್ಲ. ಕೈಯೇ ಮುಂದೆ ಹೋಗುತ್ತಿರಲಿಲ್ಲ.

ಹುಬ್ಬಳ್ಳಿಯ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಸುಮ್ಮನಿರಲಿಲ್ಲ. "ನಿನಗೇನ ಹುಚ್ಚು ಹಿಡದದ ಏನ? ಮನ್ಯಾಗಿನ ದೇವರಿಗೆ ದೀಪಾ ಹಚ್ಚೂದಿಲ್ಲ, ಅವರ ದೇವರ ಅರಿವಿ ಒಗೀಲಿಕ್ಕೆ ಹೋಗ್ತೀ?" ಅವಳು ಹೇಳಿದ್ದು ನಿಜ. ನಮ್ಮ ದೇವರುಗಳು ವಾಷಿಂಗ್ ಮಷೀನಿನ ಮೇಲಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿದ್ದರು. ನಮ್ಮ ಕನ್ನಡದ ಜನ ಪಕ್ಕದೂರು ಬೆಲ್‌ವ್ಯೂನಲ್ಲಿ ಶಾಲೆಯ ಹಾಲ್ ಬಾಡಿಗೆ ಹಿಡಿದು ಸಂಸ್ಕೃತಿ ಉಳಿಸುತ್ತಿದ್ದರು. ಉಳಿಸಿ ಮುಗಿದ ಮೇಲೆ ಪೇಪರ್ ಪ್ಲೇಟು ಎತ್ತುವುದಕ್ಕೆ ಯಾರೂ ಇರುತ್ತಿರಲಿಲ್ಲ. ಗಂಡ ಹೋದ ಮೇಲೆ ನಾನು ಆ ಕಡೆ ಸುಳಿಯುವುದನ್ನೇ ಬಿಟ್ಟಿದ್ದೆ. ಅಲ್ಲಿ ಪ್ರತಿಯೊಬ್ಬರೂ ತಲೆ ಓರೆ ಮಾಡಿ ಹೇಗಿದೀರಾ ಎಂದು ಕೇಳುತ್ತಿದ್ದರು. ಅಜ್ಜಿ ಒಂದು ದಿನವೂ ಹಾಗೆ ಕೇಳಲಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಒಂದು ಶನಿವಾರ ಪಾಸ್ಟರ್ ನಾವಿದ್ದ ಕೋಣೆಗೆ ಬಂದರು. ಜೀನ್ಸ್ ಹಾಕಿದ್ದ, ಒಳ್ಳೆಯ ಹುಡುಗನಂಥ ಮನುಷ್ಯ. ನನಗೆ ಥ್ಯಾಂಕ್ಸ್ ಹೇಳಿದರು, ಚೆನ್ನಾಗಿ ಮಾಡುತ್ತೀರಿ ಎಂದರು, ಆಮೇಲೆ ಅಜ್ಜಿಯ ಕಡೆ ತಿರುಗಿದರು. ಕಮಿಟಿಯಲ್ಲಿ ಮಾತಾಗಿದೆ. ಪೀಠದ ಬಟ್ಟೆಯ ಹೊಣೆ ದೀಕ್ಷಾಸ್ನಾನ ಪಡೆದ ಸದಸ್ಯರದೇ ಆಗಿರಬೇಕು. ಈಸ್ಟರ್ ಒಳಗೆ ಯಾರಾದರೂ ಸದಸ್ಯರು ಇದನ್ನು ವಹಿಸಿಕೊಂಡರೆ ಎಲ್ಲ ಹಿಂದಿನಂತೆಯೇ ಇರಲಿ. ಇಲ್ಲದಿದ್ದರೆ ಇಸ್ತ್ರಿ ಬೇಡದ ಪಾಲಿಯೆಸ್ಟರ್ ಬಟ್ಟೆ ತರಿಸುತ್ತೇವೆ, ದ್ರಾಕ್ಷಾರಸಕ್ಕೆ ಸೀಲ್ ಮಾಡಿದ ಪ್ಲಾಸ್ಟಿಕ್ ಕಪ್ಪುಗಳು ಸಿಗುತ್ತವೆ. "ನಿಮ್ಮ ಕೈಗೂ ವಿಶ್ರಾಂತಿ ಬೇಕಲ್ವಾ" ಎಂದು ಅಜ್ಜಿಯ ಭುಜ ಮುಟ್ಟಿದರು.

ಭಾನುವಾರದ ಆರಾಧನೆಗೆ ಡ್ರಮ್ಮು, ಗಿಟಾರು ಬಂದಾಗ ಅಜ್ಜಿ ತಕರಾರು ಎತ್ತಿರಲಿಲ್ಲ. ಪುಸ್ತಕದ ಬದಲು ಗೋಡೆಯ ಮೇಲೆ ಹಾಡಿನ ಸಾಲುಗಳು ಮೂಡಿದಾಗಲೂ, ಕನ್ನಡಕ ಬೇಕಾಗಿಲ್ಲ, ಒಳ್ಳೆಯದೇ ಆಯಿತು ಎಂದಿದ್ದರು. ಈ ಬಟ್ಟೆಯ ವಿಷಯದಲ್ಲಿ ಮಾತ್ರ ಹಟ ಹಿಡಿದರು. ಚರ್ಚಿನ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಒಬ್ಬಳಿಗೆ ಶನಿವಾರ ಮಕ್ಕಳ ಸಾಕರ್. ಇನ್ನೊಬ್ಬಳು ಡ್ರೈಯರಿಗೆ ಹಾಕಿದರೆ ಸಾಲದೇ ಎಂದಳು. ಅರಿಜೋನಾದಲ್ಲಿದ್ದ ಮಗಳು, ಮ್ಯೂಸಿಯಮ್ಮಿಗೆ ಕೊಡು, ಇಲ್ಲವೇ ಗಾಜು ಹಾಕಿಸಿ ಗೋಡೆಗೆ ಹಾಕೋಣ, ಅಪ್ಪನ ಅಮ್ಮನ ನೆನಪಿಗೆ ಇರುತ್ತದೆ ಎಂದಳಂತೆ.

"ಗೋಡೆಗೆ ಹಾಕೋದಕ್ಕೆ ಅದೇನು ಜಿಂಕೆ ತಲೆಯಾ?" ಎಂದು ಅಜ್ಜಿ ನನ್ನ ಮೇಲೆ ರೇಗಿದರು. "ಪೀಠದ ಮೇಲೆ ಇರಬೇಕು. ಆಗಲ್ಲ ಅಂದ್ರೆ ಬೆಂಕಿಗೆ ಹೋಗಬೇಕು. ಮೂರನೇದು ಇಲ್ಲ."

ನಾನು ಬಟ್ಟೆ ತಿರುವಿ ಹಾಕುತ್ತ ಹೇಳಿದೆ, "ನಾನೇ ತಗೋತೀನಿ ಬಿಡಿ."

"ಏನನ್ನ?"

"ದೀಕ್ಷಾಸ್ನಾನ. ತಲೆ ಮೇಲೆ ನೀರು ಹಾಕ್ತಾರೆ, ಅಷ್ಟೇ ತಾನೇ. ನನಗೇನೂ ಅನ್ಸಲ್ಲ. ನಿಮ್ಮ ಕೆಲಸ ಉಳಿಯುತ್ತಲ್ಲ."

ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಅಜ್ಜಿ ಇಸ್ತ್ರಿಯ ಪ್ಲಗ್ ಕಿತ್ತರು.

"ಏನೂ ಅನ್ಸಲ್ವಾ?"

"ಇಲ್ಲ."

"ಹಾಗಿದ್ರೆ ಬೇಡ. ಇದರಲ್ಲಿ ಏನೂ ಇಲ್ಲ ಅನ್ನೋರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಹೊರಗಿಂದ ಇನ್ನೊಬ್ಬಳನ್ನ ತರೋ ಅಗತ್ಯ ಇಲ್ಲ."

ಅವರ ಮುಖ ಕೆಂಪಾಗಿತ್ತು. ಕ್ಷಮಿಸಿ ಎಂದೆ. ಬೇಜಾರಾಗಬೇಕಿತ್ತು ಎನ್ನುವುದು ತಿಳಿಯುತ್ತಿತ್ತು, ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಪ್ಲಗ್ ಮತ್ತೆ ಹಾಕಿದರು. ಮುಂದಿನ ಶನಿವಾರಗಳಲ್ಲೂ ಹೋದೆ, ಮಾಡಿದೆ, ಬಂದೆ. ಇಬ್ಬರೂ ಆ ಮಾತು ಎತ್ತಲಿಲ್ಲ. ಸದಸ್ಯರಲ್ಲಿ ಯಾರೂ ಮುಂದೆ ಬರಲಿಲ್ಲ. ಪಾಲಿಯೆಸ್ಟರ್ ಬಟ್ಟೆ ಪಾರ್ಸೆಲ್ಲಿನಲ್ಲಿ ಬಂದು ಕಪಾಟಿನಲ್ಲಿ ಕೂತಿತು.

ಈಸ್ಟರ್‌ಗೆ ಮುಂಚಿನ ಗುರುವಾರ ಪೀಠದ ಮೇಲಿರುವುದನ್ನೆಲ್ಲ ತೆಗೆದು ಬರಿದು ಮಾಡುವುದು ಅವರ ಪದ್ಧತಿ. ಹಾಗೆ ತೆಗೆದ ಬಟ್ಟೆಗಳನ್ನು ಅಜ್ಜಿ ಈ ಸಲ ಮನೆಗೆ ತಂದರು. ಶನಿವಾರ ಮಗಳು ಅಪ್ಪನ ಕಾರು ಹತ್ತಿದ ಮೇಲೆ ನಾನು ಎದುರು ಮನೆಗೆ ಹೋದೆ. ಮಾಮೂಲಿನಂತೆ ಒಗೆದೆವು, ನೀರು ಗಿಡಕ್ಕೆ ಹಾಕಿದೆವು, ಇಸ್ತ್ರಿ ಮಾಡಲು ಕೂತೆವು. ಸುಡುವ ಬಟ್ಟೆಗೆ ಇಸ್ತ್ರಿ ಯಾಕೆ ಎಂದು ಕೇಳಿದೆ.

"ಕೊಳೆ ಬಟ್ಟೆ ಕಳಿಸ್ತಾರಾ ಯಾರಾದ್ರೂ?"

ಹೆಣಕ್ಕೂ ಸ್ನಾನ ಮಾಡಿಸುತ್ತಾರೆ ಎನ್ನುವುದು ನೆನಪಾಗಿ ನಾನು ಉದ್ದನೆಯ ಬಟ್ಟೆ ಹರಡಿದೆ. ಅಂಚಿನ ಕಸೂತಿಯ ಮೇಲೆ ಇಸ್ತ್ರಿ ನಿಧಾನವಾಗಿ ಹೋಗಬೇಕು, ದಾರ ಎಳೆಯಬಾರದು. ಅಂದೂ ಎಳೆಯಲಿಲ್ಲ. ಬಟ್ಟೆ ಕನ್ನಡಿಯ ಹಾಗೆ ನುಣುಪಾಗಿ ಬಂತು. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಅದು ಯಾವತ್ತೂ ಬಂದಿರಲಿಲ್ಲ.

ಹಿತ್ತಿಲಲ್ಲಿ ಚಳಿಗಾಲಕ್ಕೆ ಬೆಂಕಿ ಹಾಕುವ ಕಬ್ಬಿಣದ ಬಾಣಲೆಯಂಥದೊಂದು ಇತ್ತು. ಅಜ್ಜಿ ಅದರಲ್ಲಿ ಒಣಕಟ್ಟಿಗೆ ಜೋಡಿಸಿ, ಬಟ್ಟೆಗಳನ್ನು ಮೇಲಿಟ್ಟು, ಚಿಕ್ಕದೊಂದು ಪ್ರಾರ್ಥನೆ ಹೇಳಿದರು. ಕಡ್ಡಿ ಗೀರಲು ಹೋದರೆ ಕೈ ನಡುಗಿ ಕಡ್ಡಿ ಮುರಿಯಿತು. ಇನ್ನೊಂದೂ ಮುರಿಯಿತು. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

ನಾನು ಕಡ್ಡಿ ತೆಗೆದೆ, ಗೀರಿದೆ, ಹತ್ತಿತು. ಕೈ ಬಾಣಲೆಯ ಹತ್ತಿರ ಹೋಗಲೇ ಇಲ್ಲ. ಕಡ್ಡಿ ಬೆರಳ ತನಕ ಉರಿದು ಬಂತು, ಬಿಸಾಡಿದೆ.

"ನನ್ನ ಕೈಲಾಗಲ್ಲ."

"ಯಾಕೆ?"

"ಮನಸ್ಸು ಬರ್ತಿಲ್ಲ. ಸುಡಬೇಡಿ ಇದನ್ನ."

ಗಂಡ ಡಬ್ಬಗಳನ್ನು ಕಾರಿಗೆ ತುಂಬುವಾಗ ನಾನು ಬಾಗಿಲು ತೆರೆದು ಹಿಡಿದಿದ್ದವಳು. ಬೇಡ ಎನ್ನುವ ಮಾತು ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಅಜ್ಜಿ ನನ್ನ ಕಡೆ ತಿರುಗಿದರು. "ಈ ಮಾತು ಆವತ್ತು ಬಂದಿದ್ರೆ ನಾನೇ ನಿನ್ನ ಕೈ ಹಿಡಿದು ಪಾಸ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಆವತ್ತು ಇರಲಿಲ್ಲ."

"ಗೊತ್ತು."

"ಈಗ ಹೋದರೆ?"

"ಬಟ್ಟೆಗೋಸ್ಕರ ದೀಕ್ಷಾಸ್ನಾನ ತಗೋಬಾರದು ಕಣೆ. ನಿನ್ನಿಂದ ಇದು ಉಳಿಯುತ್ತೆ ಅಂತ ನಾನೇ ಆಸೆಪಟ್ಟೆ. ನಂದೇ ತಪ್ಪು" ಎಂದು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡರು. ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕಡ್ಡಿ ಗೀರಿದರು. ಈ ಸಲ ಹತ್ತಿತು. ಉರಿ ಮೊದಲು ಕಸೂತಿಯ ಅಂಚಿಗೇ ಹಿಡಿಯಿತು.

ಅಷ್ಟರಲ್ಲಿ ದಪ್ಪ ಹನಿಯ ಮಳೆ ಶುರುವಾಯಿತು. ಬಟ್ಟೆ ಅರ್ಧ ಸುಟ್ಟಿತ್ತು, ಕಟ್ಟಿಗೆ ಚುರುಗುಟ್ಟಿ ಹೊಗೆಯಾಡತೊಡಗಿತು. ಅಜ್ಜಿ ಕೋಟು ಬಿಚ್ಚಿ ಅಡ್ಡ ಹಿಡಿಯಲು ನೋಡಿದರು, ಅವರ ಕೈ ನಿಲ್ಲಲಿಲ್ಲ. ಅದು ಅರೆಬೆಂದು ಉಳಿಯುವುದನ್ನು ನನ್ನಿಂದಲೂ ನೋಡಲಾಗಲಿಲ್ಲ. ಅವರ ಬಾಗಿಲ ಹಿಂದಿದ್ದ ಕೊಡೆ ತಂದು ಬಿಚ್ಚಿ, ಬೆಂಕಿಯ ಮೇಲೆ ಎತ್ತರಕ್ಕೆ ಹಿಡಿದು ನಿಂತೆ. ಜೋರಾಗಿ ಅಳುತ್ತಿದ್ದೆ. ಪೂರ್ತಿ ಬೂದಿಯಾಗುವ ತನಕ ಹಿಡಿದೇ ಇದ್ದೆ.